ವ್ಯಾಕರಣವನ್ನು ಯಾರೂ ‘ರಚಿಸಿಕೊಡುವುದಿಲ್ಲ’

‘ಲಿವೋನಿಯನ್ ಭಾಷೆಗೆ ವ್ಯಾಕರಣವಿರಲಿಲ್ಲ, 1861ರಲ್ಲಿ ವಿದ್ವಾಂಸರು ಅದಕ್ಕೊಂದು ವ್ಯಾಕರಣ ರಚಿಸಿಕೊಟ್ಟರು’ ಎಂಬ ಧಾಟಿಯ ಮಾತನ್ನು ಅಳಿವಿನಂಚಿನ ಭಾಷೆಗಳ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಓದಬೇಕಾಗಿ ಬಂದಿದೆ. ಇಸವಿ ಸರಿಯಾಗಿದೆ. ಲಾಟ್ವಿಯಾದ ಕರಾವಳಿಯ ಈ ಉರಾಲಿಕ್ ಕುಟುಂಬದ ಭಾಷೆಯ ಸಾಮಗ್ರಿಯನ್ನು ಭಾಷಾವಿದ್ವಾಂಸ ಶೋಗ್ರೆನ್ 1846 ಮತ್ತು 1852ರಲ್ಲಿ ಅಲ್ಲಿಗೇ ಹೋಗಿ ಕಲೆಹಾಕಿದರು. ಅವರು ತೀರಿಕೊಂಡ ಮೇಲೆ ಇನ್ನೊಬ್ಬ ವಿದ್ವಾಂಸ ವೀಡೆಮಾನ್ ಅವರ ವ್ಯಾಕರಣವನ್ನು ಪೂರ್ಣಗೊಳಿಸಿ 1861ರಲ್ಲಿ ಪ್ರಕಟಿಸಿದರು. ತಪ್ಪಿರುವುದು ‘ರಚಿಸಿಕೊಟ್ಟರು’ ಎಂಬ ಕ್ರಿಯಾಪದದಲ್ಲಿ.

‘ವ್ಯಾಕರಣ’ ಶಬ್ದದಲ್ಲಿರುವ ‘ಕೃ’ ಧಾತುವಿಗೆ ‘ಮಾಡು’ ಎಂಬ ಅರ್ಥವಿರುವುದು ನಿಜ. ಆದರೆ ‘ವಿ’ ಮತ್ತು ‘ಆ’ ಎಂಬ ಉಪಸರ್ಗಗಳು ಸೇರಿದೊಡನೆ ಅರ್ಥ ‘ಬಿಡಿಸಿ ತೋರಿಸು’ ಎಂದಾಗುತ್ತದೆ. ಬಿಡಿಸಬೇಕಾದರೆ ಹೆಣೆದದ್ದೊಂದು ಮೊದಲೇ ಇರಬೇಕು. ಪತಂಜಲಿಯ ಮಹಾಭಾಷ್ಯದಲ್ಲಿ ಇದಕ್ಕೊಂದು ಸೊಗಸಾದ ದೃಷ್ಟಾಂತವಿದೆ: ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ‘ಗಡಿಗೆ ಮಾಡಿಕೊಡು’ ಎಂದು ಕೇಳುತ್ತಾನೆ, ಮಾತು ಬೇಕಾದವನು ವೈಯಾಕರಣನ ಮನೆಗೆ ಹೋಗಿ ‘ಶಬ್ದ ಮಾಡಿಕೊಡು’ ಎಂದು ಕೇಳುವುದಿಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾವು ಇಂದಿಗೂ ಕುಂಬಾರಿಕೆಯ ಭಾಷೆಯಲ್ಲೇ ವಿವರಿಸುತ್ತಿರುವುದು ಸರಿಯಲ್ಲ.

ಲಿವೋನಿಯನ್ನಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಈ ಭಾಷೆಯ ಅನೇಕ ಪದಗಳಲ್ಲಿ ಧ್ವನಿ ನಡುವೆ ಗಂಟಲಲ್ಲಿ ಒಂದು ಕ್ಷಣ ಬಿಗಿದು ಮತ್ತೆ ಸಡಿಲಗೊಳ್ಳುತ್ತದೆ. ಇದನ್ನು ಮೊದಲು ಗುರುತಿಸಿ ವಿವರಿಸಿದವರು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್, ಅದೂ 1890ರಲ್ಲಿ, ಎಂದರೆ ಮೇಲೆ ಹೇಳಿದ ವ್ಯಾಕರಣ ಅಚ್ಚಾಗಿ 29 ವರ್ಷಗಳಾದ ಮೇಲೆ. ಡೇನಿಷ್ ಭಾಷೆಯಲ್ಲೂ ಇಂಥದೇ ಗುಣವಿರುವುದರಿಂದ ಅವರ ಕಿವಿ ಅದಕ್ಕೆ ಪಳಗಿತ್ತು. ಆ 29 ವರ್ಷವೂ ಮೀನುಗಾರರ ಮನೆಗಳಲ್ಲಿ ಆ ಧ್ವನಿ ಕೇಳಿಬರುತ್ತಲೇ ಇತ್ತು. ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಇಂದಿನ ಲಿವೋನಿಯನ್ ಕಾಗುಣಿತವೂ ಅದಕ್ಕೆ ಗುರುತು ಹಾಕುವುದಿಲ್ಲ. ಲಿಪಿಯಿದ್ದರೆ ವ್ಯಾಕರಣವಿದೆ, ಲಿಪಿಯಿಲ್ಲದಿದ್ದರೆ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ವಿಭಕ್ತಿಯ ಉದಾಹರಣೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ‘ನನಗೆ ಒಂದು ಪುಸ್ತಕವಿದೆ’ ಎನ್ನುವುದಕ್ಕೂ ‘ನನ್ನ ಹತ್ತಿರ ಒಂದು ಪುಸ್ತಕವಿದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತು. ಲಿವೋನಿಯನ್ನಿನ ಬಂಧುವಾದ ಫಿನ್ನಿಷ್ ‘ಮಿನುಲ್ಲ ಒನ್’ ಎನ್ನುತ್ತದೆ. ಅದು ‘ನನ್ನ ಹತ್ತಿರ ಇದೆ’ ಎಂಬ ಜಾಡಿನದು. ಲಿವೋನಿಯನ್ ‘ಮಿನ್ನನ್ ಉಮ್’ ಎನ್ನುತ್ತದೆ. ಅದು ನೇರವಾಗಿ ‘ನನಗೆ ಇದೆ’. ನೆರೆಯ ಲಾಟ್ವಿಯನ್ ಭಾಷೆಯ ‘ಮನ್ ಇರ್’ ಕೂಡ ಚತುರ್ಥಿಯೇ. ಫಿನ್ನಿಷ್ ವ್ಯಾಕರಣದ ವಿಭಕ್ತಿಪಟ್ಟಿಯನ್ನು ಎದುರಿಗಿಟ್ಟುಕೊಂಡು ಲಿವೋನಿಯನ್ ರೂಪಗಳನ್ನು ತುಂಬಲು ಹೊರಟವನಿಗೆ ಈ ಚತುರ್ಥಿಯನ್ನು ಇಡಲು ಮನೆಯೇ ಸಿಗುವುದಿಲ್ಲ, ಏಕೆಂದರೆ ಫಿನ್ನಿಷ್‌ನಲ್ಲಿ ಆ ವಿಭಕ್ತಿಯೇ ಇಲ್ಲ. ಬಂಧುಭಾಷೆಯ ಅಚ್ಚಿನಲ್ಲಿ ಎರಕ ಹೊಯ್ಯುವುದು ರಚನೆ; ಆಡುವವರ ಬಾಯಲ್ಲಿ ಬಂದದ್ದನ್ನು ಬಂದಂತೆ ಬರೆದುಕೊಂಡು ಅದರ ನಿಯಮವನ್ನು ಹುಡುಕುವುದು ದಾಖಲೀಕರಣ.

ಧ್ವನಿಮುದ್ರಣ, ಕಥನಗಳ ಸಂಗ್ರಹ ಮತ್ತು ಶಬ್ದಕೋಶಗಳೂ ದಾಖಲೀಕರಣದಲ್ಲಿ ಸೇರುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ವಿಷಯವನ್ನು ಹೇಳಲೇಬೇಕು. ಲಿವೋನಿಯನ್ನನ್ನು ತಾಯ್ನುಡಿಯಾಗಿ ಕಲಿತ ಕೊನೆಯವರೆಂದು ಹೆಸರಾದ ಗ್ರಿಜೆಲ್ಡಾ ಕ್ರಿಸ್ತಿನ್ಯಾ 2013ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಭಾಷೆಯನ್ನು ಕಲಿತು ಆಡುವವರು ಇಂದಿಗೂ ಇದ್ದಾರೆ. ಪೂರ್ವದ ಸಲಾಟ್ಸಾ ಉಪಭಾಷೆಯಾದರೋ 19ನೆಯ ಶತಮಾನದಲ್ಲೇ ಮರೆಯಾಯಿತು. ಅದಕ್ಕೆ ಮುಖ್ಯ ಆಧಾರ ಶೋಗ್ರೆನ್ 1846ರಲ್ಲಿ ಬರೆದುಕೊಂಡದ್ದು. ಅವರು ಕೇಳದೆ ಬಿಟ್ಟ ರೂಪವನ್ನು ಇಂದು ಕೇಳಿ ತಿಳಿಯಲು ಯಾರೂ ಉಳಿದಿಲ್ಲ. ರಚಿಸುವವನು ಪಶ್ಚಿಮದ ಉಪಭಾಷೆಯನ್ನು ನೋಡಿ ಆ ಜಾಗವನ್ನು ತುಂಬಿಬಿಡಬಹುದು. ದಾಖಲಿಸುವವನು ಅದನ್ನು ಖಾಲಿ ಬಿಡಬೇಕು.