‘ಸಿನ್ಸ್’, ‘ಫಾರ್’: ತಪ್ಪೆಲ್ಲ ನಮ್ಮ ‘ಇಂದ’ದ್ದು

ನಿನ್ನೆ ಇನ್ನೊಂದು ರೆಸ್ಯೂಮೆ ಬಂತು. ಮೊದಲ ಸಾಲೇ ‘ಐ ಆಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’. ಈ ವಾರ ಇದು ಮೂರನೆಯದು. ಹುಡುಗನಿಗೆ ಕೆಲಸ ಚೆನ್ನಾಗಿಯೇ ಬರುತ್ತದೆ, ಆದರೆ ಈ ‘ಸಿನ್ಸ್’ ಮಾತ್ರ ನಮ್ಮವರನ್ನು ಬಿಡುವಂತೆ ಕಾಣುತ್ತಿಲ್ಲ.

ನಿಯಮ ಎಲ್ಲರಿಗೂ ಗೊತ್ತು. ಯಾವಾಗ ಶುರುವಾಯಿತು ಅನ್ನಲು ‘ಸಿನ್ಸ್’, ಎಷ್ಟು ಕಾಲ ಅನ್ನಲು ‘ಫಾರ್’. ಗೊತ್ತಿದ್ದೂ ತಪ್ಪುತ್ತೇವೆ, ಯಾಕಂದರೆ ಕನ್ನಡದ ‘ಇಂದ’ ಎರಡೂ ಕಡೆ ಕೂರುತ್ತದೆ: ‘2020ರಿಂದ ಇಲ್ಲಿದ್ದೇನೆ’, ‘ಐದು ವರ್ಷದಿಂದ ಇಲ್ಲಿದ್ದೇನೆ’. ತಲೆಯಲ್ಲಿ ‘ಇಂದ’ ಬಂದ ಕೂಡಲೇ ಕೈ ‘ಸಿನ್ಸ್’ ಅಂತ ಬರೆದುಬಿಡುತ್ತದೆ. ಹಿಂದಿಯ ‘ಸೇ’ ಕೂಡ ಹೀಗೇ. ಜರ್ಮನ್ ಭಾಷೆಯ ‘ಜೈಟ್’ ಸಹ ಎರಡಕ್ಕೂ ಆಗುತ್ತದೆ, ಹಾಗಾಗಿ ಇಂಗ್ಲಿಷ್ ಕಲಿಯುವ ಜರ್ಮನರೂ ಇದೇ ಗುಂಡಿಗೆ ಬೀಳುತ್ತಾರೆ. ತಮಾಷೆ ಏನಪ್ಪಾ ಅಂದರೆ, ‘ಜೈಟ್’ ಮತ್ತು ‘ಸಿನ್ಸ್’ ಒಂದೇ ಬೇರಿನವು.

ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಸಿಥ್ಥನ್’ ಅಂತಿತ್ತು, ಅಂದರೆ ‘ಅದಾದ ಮೇಲೆ’. ಆಮೇಲೆ ‘ಸಿಥೆನ್’ ಆಯಿತು, ಬಾಲಕ್ಕೊಂದು ‘ಸ್’ ಅಂಟಿಕೊಂಡಿತು (‘ವನ್ಸ್’ ಪದದ ಕೊನೆಯಲ್ಲಿರುವುದೂ ಅದೇ ‘ಸ್’), ನಡುವಿನದು ಸವೆದು ‘ಸಿನ್ಸ್’ ಉಳಿಯಿತು. ಈಗ ನೋಡಿ, ‘ಅದಾದ ಮೇಲೆ’ ಅನ್ನಬೇಕಾದರೆ ಆಗಿಹೋದದ್ದು ಏನಾದರೂ ಒಂದು ಬೇಕಲ್ಲ? ಒಂದು ಮದುವೆ, ಒಂದು ಸೋಮವಾರ, ಒಂದು ಇಸವಿ. ‘ಸಿನ್ಸ್ ಫೈವ್ ಇಯರ್ಸ್’ ಅಂದರೆ ‘ಐದು ವರ್ಷ ಆದ ಮೇಲೆ ಕೆಲಸ ಮಾಡುತ್ತಿದ್ದೇನೆ’ ಅಂದಂತೆ. ಅಷ್ಟು ದಿನ ಏನು ಮಾಡುತ್ತಿದ್ದಿರಿ ಸ್ವಾಮಿ?

ಕಾರಣ ಹೇಳುವ ‘ಸಿನ್ಸ್’ ಹುಟ್ಟಿದ್ದೂ ಇದರಿಂದಲೇ. ಅದು ವಿಚಿತ್ರ ಅನಿಸಬೇಕಾಗಿಲ್ಲ, ‘ನೀವೇ ಹೇಳಿದ ಮೇಲೆ ಇನ್ನೇನಿದೆ’ ಅಂತ ನಾವೂ ಅನ್ನುತ್ತೇವೆ ಅಲ್ವಾ? ಆ ‘ಮೇಲೆ’ ಹೊತ್ತು ತೋರಿಸುತ್ತಿಲ್ಲ, ಕಾರಣ ತೋರಿಸುತ್ತಿದೆ.

ಇನ್ನು ಕೆಲವರು ‘ಸಿನ್ಸ್’ ತೆಗೆದು ‘ಐ ಆಮ್ ವರ್ಕಿಂಗ್ ಫಾರ್ ಫೈವ್ ಇಯರ್ಸ್’ ಅಂತ ತಿದ್ದಿ ನಿಟ್ಟುಸಿರು ಬಿಡುತ್ತಾರೆ. ಅರ್ಧ ಮಾತ್ರ ಸರಿಹೋಯಿತು. ‘ಹತ್ತು ವರ್ಷ ಮೈಸೂರಲ್ಲಿದ್ದೆ’ ಅಂದರೆ ಮುಗಿದ ಕಥೆ. ‘ಹತ್ತು ವರ್ಷದಿಂದ ಮೈಸೂರಲ್ಲಿದ್ದೇನೆ’ ಅಂದರೆ ಈಗಲೂ ಅಲ್ಲೇ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫಾರ್’ ಬರುತ್ತದೆ, ವ್ಯತ್ಯಾಸ ಇರುವುದು ಕ್ರಿಯಾಪದದಲ್ಲಿ: ಮೊದಲನೆಯದು ‘ಐ ಲಿವ್ಡ್’, ಎರಡನೆಯದು ‘ಐ ಹ್ಯಾವ್ ಲಿವ್ಡ್’. ನಮ್ಮ ‘ಇಂದ’ ಮಾಡುವ ಕೆಲಸವನ್ನು ಅಲ್ಲಿ ‘ಹ್ಯಾವ್’ ಮಾಡುತ್ತದೆ. ಹಾಗಾಗಿ ಆ ರೆಸ್ಯೂಮೆಗೆ ಬೇಕಿದ್ದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್’.

‘ಇಟ್ಸ್ ಬೀನ್ ಫೈವ್ ಇಯರ್ಸ್ ಸಿನ್ಸ್ ಐ ಜಾಯಿನ್ಡ್’ ಸರಿಯಲ್ಲವಾ ಅಂತ ಕೇಳುವವರಿದ್ದಾರೆ. ಸರಿಯೇ. ಅಲ್ಲಿ ‘ಸಿನ್ಸ್’ ಹಿಡಿದಿರುವುದು ಸೇರಿದ ದಿನವನ್ನು, ಐದು ವರ್ಷವನ್ನಲ್ಲ. ‘ಸಿನ್ಸ್ ಲಾಂಗ್’ ಮಾತ್ರ ಬೇಡ, ‘ಫಾರ್ ಎ ಲಾಂಗ್ ಟೈಮ್’ ಅನ್ನಿ. ‘ಸಿನ್ಸ್ ಫ್ರಮ್ 2020’ ಅಂತ ಬರೆಯುವವರಿಗೆ ಒಂದು ‘ಇಂದ’ ಸಾಲದು ಅನಿಸುತ್ತದೆ, ಅವರದು ‘2020ರಿಂದದಿಂದ’.