ಸರ್ವರಿಗೂ ಸೆಕೆ ಆಗುತ್ತದೆ

ನಾನು ಮೊದಲು ಕೆಲಸಕ್ಕೆ ಸೇರಿದ್ದು ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಸಣ್ಣ ಆಫೀಸಿಗೆ. ಅಲ್ಲೊಂದು ಸರ್ವರ್ ರೂಮ್ ಇತ್ತು, ಅಂದರೆ ಆಫೀಸಿನ ಕೆಲಸವನ್ನೆಲ್ಲ ಹೊರುವ ಕಂಪ್ಯೂಟರ್‌ಗಳ ಕೋಣೆ. ಹಳೇ ಸ್ಟೋರ್ ರೂಮಿಗೆ ಎರಡು ಎಸಿ ಹಾಕಿದ್ದು, ಅಷ್ಟೇ. ಒಂದು ಏಪ್ರಿಲ್ ಮಧ್ಯಾಹ್ನ ಎರಡೂ ಎಸಿ ಕೈಕೊಟ್ಟವು. ಬಾಗಿಲು ತೆರೆದು, ದೊಡ್ಡ ಫ್ಯಾನ್ ತಂದಿಟ್ಟು, ಬೈರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತೆವು. ಅರ್ಧ ಗಂಟೆಯಲ್ಲಿ ಸರ್ವರ್‌ಗಳು ಒಂದೊಂದಾಗಿ ತಾವೇ ಆಫ್ ಆದವು. ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು.

ಬಿಸಿ ಗಂಜಿ ಬಟ್ಟಲನ್ನು ಫ್ಯಾನಿನ ಕೆಳಗಿಟ್ಟರೆ ಆರಲು ಎಷ್ಟು ಹೊತ್ತು, ತಣ್ಣೀರಿನ ತಟ್ಟೆಯಲ್ಲಿಟ್ಟರೆ ಎಷ್ಟು ಹೊತ್ತು ಅನ್ನುವುದು ಮಕ್ಕಳಿಗೆ ಊಟ ಮಾಡಿಸಿದವರಿಗೆಲ್ಲ ಗೊತ್ತು. ಒಂದು ಲೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಹೀರಿಕೊಳ್ಳುವ ಶಾಖಕ್ಕಿಂತ ಒಂದು ಲೀಟರ್ ನೀರು ಸುಮಾರು 3,500 ಪಟ್ಟು ಜಾಸ್ತಿ ಹೀರುತ್ತದೆ. ಹಾಗಿದ್ದರೂ ಇಂಥ ಸರ್ವರ್‌ಗಳನ್ನು ರಾಶಿಗಟ್ಟಲೆ ಇಡುವ ಡೇಟಾ ಸೆಂಟರ್‌ನವರು ಇಷ್ಟು ವರ್ಷ ಗಾಳಿಯನ್ನೇ ಯಾಕೆ ನಂಬಿದರು?

ಮೊದಲಿಗೆ ನಂಬಿರಲಿಲ್ಲ. 1960ರ ದಶಕದಲ್ಲೇ ಐಬಿಎಂನ ದೊಡ್ಡ ಕಂಪ್ಯೂಟರ್‌ಗಳಿಗೆ ನೀರಿನ ಪೈಪ್ ಇತ್ತು. 1976ರ ಕ್ರೇ-1 ಎಂಬ ಸೂಪರ್ ಕಂಪ್ಯೂಟರಿನ ಒಳಗೆ ಫ್ರಿಜ್ಜಿನಲ್ಲಿ ಹರಿಯುವಂಥ ಫ್ರಿಯಾನ್ ಹರಿಯುತ್ತಿತ್ತು. 1985ರ ಕ್ರೇ-2 ಇನ್ನೂ ಮಜಾ. ಅದರ ಸರ್ಕಿಟ್ ಬೋರ್ಡುಗಳೆಲ್ಲ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಯೇ ಇರುತ್ತಿದ್ದವು. ಅದು ನೀರಿನ ಹಾಗೆ ತಿಳಿ, ಆದರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ನೋಡಿದವರು ಯಂತ್ರಕ್ಕೆ ‘ಬಬಲ್ಸ್’ ಅಂತ ಅಡ್ಡಹೆಸರಿಟ್ಟರು.

1990ರ ದಶಕದಲ್ಲಿ ಇದೆಲ್ಲ ಮೂಲೆ ಸೇರಿತು. ಹಳೆಯ ಬೈಪೋಲಾರ್ ಚಿಪ್‌ಗಳು ಸುಮ್ನೆ ಕೂತಾಗಲೂ ಕರೆಂಟ್ ತಿನ್ನುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಸಿಮಾಸ್ ಚಿಪ್‌ಗಳು ಕೆಲಸ ಮಾಡುವಾಗ ಮಾತ್ರ ಹೆಚ್ಚು ತಿನ್ನುತ್ತಿದ್ದವು. ಶಾಖ ಇಳಿಯಿತು, ಫ್ಯಾನ್ ಸಾಕಾಯಿತು, ಪೈಪ್ ಕಿತ್ತರು. ಸೋರುವ ಭಯವೂ ಇಲ್ಲ, ಪ್ಲಂಬರ್ ಕರೆಯುವ ಕೆಲಸವೂ ಇಲ್ಲ. ಕರೆಂಟ್ ಬಿಲ್ ಕಡೆ ಯಾರೂ ಅಷ್ಟಾಗಿ ನೋಡಲಿಲ್ಲ.

ನೋಡಲು ಶುರುಮಾಡಿದ್ದು 2007ರ ಹೊತ್ತಿಗೆ. ಗ್ರೀನ್ ಗ್ರಿಡ್ ಎಂಬ ಒಕ್ಕೂಟ ಪಿಯುಇ ಅನ್ನುವ ಲೆಕ್ಕವನ್ನು ಬಳಕೆಗೆ ತಂದಿತು. ಇಡೀ ಕಟ್ಟಡ ತಿನ್ನುವ ಕರೆಂಟನ್ನು ಕಂಪ್ಯೂಟರ್‌ಗಳು ತಿನ್ನುವ ಕರೆಂಟಿನಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಡೇಟಾ ಸೆಂಟರ್‌ಗಳ ಸಮೀಕ್ಷೆ ಮಾಡುವ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಆ ವರ್ಷ ಕಂಡ ಸರಾಸರಿ 2.5. ಅಂದರೆ ಕಂಪ್ಯೂಟರಿಗೆ ಒಂದು ಯೂನಿಟ್ ಹೋದರೆ, ಮುಖ್ಯವಾಗಿ ತಣಿಸಲು, ಇನ್ನೂ ಒಂದೂವರೆ ಯೂನಿಟ್! ಮುಂದೆ ಅದು 1.6ರ ಆಸುಪಾಸಿಗೆ ಇಳಿದು, ಅಲ್ಲೇ ಕುಂಟುತ್ತಿದೆ.

ನನಗೆ ಈ ಕತೆಯಲ್ಲಿ ತುಂಬಾ ಹಿಡಿಸಿದ ವರ್ಷ 2010. ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ಸೇರಿ ಅಕ್ವಾಸಾರ್ ಎಂಬ ಕಂಪ್ಯೂಟರ್ ಮಾಡಿದವು. ಅದನ್ನು ತಣಿಸಿದ್ದು ತಣ್ಣೀರಲ್ಲ, ಸುಮಾರು 60 ಡಿಗ್ರಿಯ ಬಿಸಿ ನೀರು. ಹುಚ್ಚಾಟ ಅನ್ನಿಸುತ್ತದೆ ಅಲ್ವಾ? ಆದರೆ ಚಿಪ್ 85 ಡಿಗ್ರಿವರೆಗೆ ತಡೆಯುತ್ತದೆ. ಅದಕ್ಕೆ 60 ಡಿಗ್ರಿಯ ನೀರೂ ತಂಪೇ.

ಇದು ನಮ್ಮ ಕರಾವಳಿಗೆ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಕಲಬುರಗಿಯಲ್ಲಿ ನೀರು ತುಂಬಿಸುವ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನೇ ಮಂಗಳೂರಲ್ಲೋ ಉಡುಪಿಯಲ್ಲೋ ಹಚ್ಚಿದರೆ ಕೋಣೆ ಇನ್ನಷ್ಟು ಅಂಟಂಟು. ಗಾಳಿಯಲ್ಲಿ ಮೊದಲೇ ಪಸೆ ತುಂಬಿದೆ, ಬೆವರೇ ಆರುವುದಿಲ್ಲ, ಇನ್ನು ಕೂಲರ್‌ನ ನೀರು ಎಲ್ಲಿ ಆರಬೇಕು. ಹಾಗಾಗಿ ಗಾಳಿಯಿಂದ ತಣಿಸುವ ಡೇಟಾ ಸೆಂಟರ್ ಇಲ್ಲಿ ಕಟ್ಟಿದರೆ ವರ್ಷದ ಹೆಚ್ಚಿನ ದಿನ ಕಂಪ್ರೆಸರ್ ಓಡಿಸಲೇಬೇಕು. ಒಳಗೆ 24 ಡಿಗ್ರಿ, ಹೊರಗೆ 34. ಶಾಖ ತಾನಾಗಿ ಹೊರಗೆ ಹೋಗುವುದಿಲ್ಲ, ದೂಡಬೇಕು, ದೂಡಲು ಕರೆಂಟ್ ಬೇಕು. ಅದೇ ಚಿಪ್ಪಿನ ಮೇಲೆ ಕೂತ ಲೋಹದ ತಟ್ಟೆಯೊಳಗೆ ನೀರು ಹರಿಸಿ, ಅದು 45 ಡಿಗ್ರಿಯಾಗಿ ಹೊರಗೆ ಬಂದರೆ, 34 ಡಿಗ್ರಿಯ ನಮ್ಮ ಸೆಕೆಯೂ ಅದಕ್ಕೆ ತಂಗಾಳಿ! ಕಾರಿನಲ್ಲಿರುವಂಥ ರೇಡಿಯೇಟರ್, ಒಂದು ಪಂಪ್, ಒಂದಿಷ್ಟು ಫ್ಯಾನ್ ಸಾಕು. ಉಳಿತಾಯ ಬರುವುದು ನೀರಿನಿಂದ ಅನ್ನುವುದಕ್ಕಿಂತ ಕಂಪ್ರೆಸರ್ ನಿಲ್ಲಿಸಿದ್ದರಿಂದ.

ಆದರೂ ಮಾರುಕಟ್ಟೆ ಮನಸ್ಸು ಬದಲಿಸಿದ್ದು ಪರಿಸರದ ಪ್ರೀತಿಯಿಂದಲ್ಲ, ಎಐಯಿಂದ. ಗೂಗಲ್ 2018ರಲ್ಲೇ ತನ್ನ ಎಐ ಚಿಪ್‌ಗಳಿಗೆ ಪೈಪ್ ಜೋಡಿಸಿತು. 2024ರಲ್ಲಿ ಚಿಪ್ ಕಂಪನಿ ಎನ್‌ವಿಡಿಯಾ ತೋರಿಸಿದ 72 ಚಿಪ್‌ಗಳ ಒಂದು ರ‍್ಯಾಕ್ ಸುಮಾರು 120 ಕಿಲೋವ್ಯಾಟ್ ಎಳೆಯುತ್ತದೆ. ಒಂದು ಬೀರುವಿನಷ್ಟು ಜಾಗದಲ್ಲಿ ಎಂಬತ್ತು ಮನೆಗಳ ಎಸಿ ಒಟ್ಟಿಗೆ ಓಡಿದ ಹಾಗೆ. ಅದಕ್ಕೆ ಫ್ಯಾನ್ ಹಾಕಿ ನೋಡಿ!

ಕ್ರೇ-2ರ ಹಾಗೆ ದ್ರವದಲ್ಲಿ ಮುಳುಗಿಸುವ ದಾರಿಯೂ ಇದೆ, ಆದರೆ ಅದು ಸ್ವಲ್ಪ ತೊಡಕಿನದ್ದು. ಫ್ಲೋರಿನರ್ಟ್ ಮಾಡುತ್ತಿದ್ದ 3ಎಂ ಕಂಪನಿ, ಪಿಎಫ್‌ಎಎಸ್ ಎಂಬ ಕೊಳೆಯದ ರಾಸಾಯನಿಕಗಳನ್ನು 2025ರ ಕೊನೆಗೆ ಬಿಟ್ಟುಬಿಡುತ್ತೇವೆ ಅಂತ 2022ರಲ್ಲೇ ಹೇಳಿತು. ಎಣ್ಣೆಯಲ್ಲಿ ಮುಳುಗಿಸುವವರೂ ಇದ್ದಾರೆ, ಆದರೆ ರಿಪೇರಿಗೆ ಬಂದವನ ಕೈಯೆಲ್ಲ ಎಣ್ಣೆ.

ಪಿಯುಇಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಸರ್ವರ್ ಒಳಗಿನ ಫ್ಯಾನುಗಳು ತಿನ್ನುವ ಕರೆಂಟನ್ನು ಅದು ‘ಕಂಪ್ಯೂಟರ್ ಖರ್ಚು’ ಅಂತಲೇ ಲೆಕ್ಕ ಹಾಕುತ್ತದೆ. ನೀರು ತಂದು ಆ ಫ್ಯಾನ್ ಕಿತ್ತರೆ ಬಿಲ್ ಇಳಿಯುತ್ತದೆ, ಆದರೆ ಭಾಗಿಸುವ ಸಂಖ್ಯೆ ಚಿಕ್ಕದಾಗಿ ಪಿಯುಇ ಕೆಲವೊಮ್ಮೆ ಕೆಟ್ಟದಾಗಿ ಕಾಣುತ್ತದೆ.

‘ನೀರಿನಿಂದ ತಣಿಸುವುದು’ ಅಂದ ಕೂಡಲೇ ನಮ್ಮವರಿಗೆ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಮ್ ನೆನಪಾಗುತ್ತದೆ. ತಪ್ಪಿಲ್ಲ. 2019ರ ಮೇ ತಿಂಗಳಲ್ಲಿ ನಲ್ಲಿ ಕಾದು ಕೂತವರು ನಾವು. ಆದರೆ ಚಿಪ್ಪಿನ ಮೇಲೆ ಹರಿಯುವ ನೀರು ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ನೀರು ಕುಡಿಯುವುದು ಹೊರಗಿನ ಕೂಲಿಂಗ್ ಟವರ್, ಅಲ್ಲಿ ಅದು ಆವಿಯಾಗಿ ಹೋಗುತ್ತದೆ. ಡೇಟಾ ಸೆಂಟರ್ ಬಂದರೆ ಕೇಳಬೇಕಾದ್ದು ಟವರ್ ಇದೆಯೋ, ರೇಡಿಯೇಟರ್ ಇದೆಯೋ ಅಂತ. ಸಮುದ್ರದ ನೀರೂ ಆಗುತ್ತದೆ. ಫಿನ್‌ಲ್ಯಾಂಡಿನ ಹಮೀನಾದಲ್ಲಿ ಗೂಗಲ್ ಹಳೆಯ ಕಾಗದದ ಕಾರ್ಖಾನೆಯಲ್ಲಿ ಅದನ್ನೇ ಮಾಡುತ್ತಿದೆ. ಆದರೆ ಅಲ್ಲಿನ ಸಮುದ್ರ ತಣ್ಣಗೆ, ನಮ್ಮದು ಬೆಚ್ಚಗೆ, ಮೇಲೆ ಉಪ್ಪು ಬೇರೆ.

ಅಕ್ವಾಸಾರ್‌ನ ಬಿಸಿ ನೀರು ಜ್ಯೂರಿಕ್‌ನಲ್ಲಿ ಕಟ್ಟಡ ಬೆಚ್ಚಗಿಡಲು ಹೋಗುತ್ತಿತ್ತು. ಇಲ್ಲಿ ಅದು ಯಾರಿಗೆ ಬೇಕು? ಯೋಚಿಸಿದಾಗ ಹೊಳೆದದ್ದು ಅಡಿಕೆ. ನವೆಂಬರ್‌ನಲ್ಲಿ ಹೊತ್ತಲ್ಲದ ಹೊತ್ತಿಗೆ ಮಳೆ ಬಂದು, ಅಂಗಳದ ಅಡಿಕೆಗೆ ಟಾರ್ಪಾಲು ಹಾಕಲು ಓಡುವ ನನ್ನ ಮಾವನಿಗೆ ಇದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟೇ: “ಆ ಪೈಪು ಪುತ್ತೂರಿನವರೆಗೆ ಬರ್ತದಾ ಮಾರಾಯಾ?”