ಕೆಟ್ಟ ಸುದ್ದಿ ತಂದವರಿಗೆ ಏನಾಗುತ್ತದೆ?

ಒಳ್ಳೆಯ ನಾಯಕನಿಗೆ ಏನಿರಬೇಕು ಎಂದು ಕೇಳಿದರೆ ಜಾಸ್ತಿ ಜನ ಧೈರ್ಯ, ಮಾತುಗಾರಿಕೆ, ಥಟ್ಟನೆ ನಿರ್ಧರಿಸುವ ಶಕ್ತಿ ಎನ್ನುತ್ತಾರೆ. ತಂಡಗಳ ಜೊತೆ ಕೂತು, ಅವು ಹೇಗೆ ಕೆಲಸ ಮಾಡುತ್ತವೆ ಎಂದು ನೋಡಿ ಸಲಹೆ ಕೊಡುವುದು ನನ್ನ ವೃತ್ತಿ. ನಾನು ಮೊದಲು ಗಮನಿಸುವುದು ಬೇರೆಯದನ್ನೇ. ಕೆಟ್ಟ ಸುದ್ದಿ ತಂದವರ ಜೊತೆ ಈ ವ್ಯಕ್ತಿ ಹೇಗೆ ನಡೆದುಕೊಳ್ಳುತ್ತಾರೆ? ಬಡ್ತಿ ಕೊಡುವಾಗ ಇದನ್ನು ವಿಚಾರಿಸುವವರು ತೀರಾ ಕಡಿಮೆ.

ಈ ಗುಣದ ಬೆಲೆ ಎಷ್ಟು ಅಂತ ತಿಳಿಯಲು 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ನಡೆದ ವಿಮಾನ ದುರಂತವನ್ನು ನೋಡಬೇಕು. ರನ್‌ವೇ ಮೇಲೆ ದಟ್ಟ ಮಂಜು. ನೆದರ್‌ಲ್ಯಾಂಡ್ಸ್‌ನ ವಿಮಾನ ಸಂಸ್ಥೆ ಕೆಎಲ್‌ಎಂನ ಬೋಯಿಂಗ್ 747 ಹೊರಡಲು ಕಾಯುತ್ತಿತ್ತು. ಕ್ಯಾಪ್ಟನ್ ಆ ಸಂಸ್ಥೆಯಲ್ಲಿ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಪಕ್ಕದಲ್ಲಿದ್ದ ಸಹ ಪೈಲಟ್‌ನ ಅರ್ಹತೆ ಪರೀಕ್ಷಿಸಿದವರೂ ಅವರೇ. ಅವರು ಮೊದಲ ಸಲ ಹೊರಟಾಗ ಸಹ ಪೈಲಟ್ ತಡೆದರು, ಅನುಮತಿ ಇನ್ನೂ ಬಂದಿಲ್ಲ ಎಂದರು. ಎರಡನೇ ಸಲ ಹೊರಟಾಗ ಸ್ಪಷ್ಟವಾಗಿ ತಡೆಯಲಿಲ್ಲ. ಅದೇ ರನ್‌ವೇಯಲ್ಲಿ ಎದುರಿನಿಂದ ಬರುತ್ತಿದ್ದ, ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಎಂಬ ಅನುಮಾನ ಫ್ಲೈಟ್ ಎಂಜಿನಿಯರ್‌ಗೆ ಬಂತು, ಕೇಳಿಯೂ ಬಿಟ್ಟರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಮಾತು ಅಲ್ಲಿಗೆ ನಿಂತಿತು. ಎರಡು ವಿಮಾನಗಳೂ ಡಿಕ್ಕಿಯಾಗಿ 583 ಜನ ಸತ್ತರು.

ಮಂಜು, ರೇಡಿಯೋದಲ್ಲಿ ಮಾತು ಸರಿಯಾಗಿ ಕೇಳದಿದ್ದದ್ದು, ಎಲ್ಲವೂ ಕಾರಣವೇ. ಆದರೆ ಸರಿಯಾದ ಪ್ರಶ್ನೆ ಆ ಕಾಕ್‌ಪಿಟ್ ಒಳಗೇ ಹುಟ್ಟಿತ್ತು, ಅಲ್ವಾ? ಆ ಕ್ಯಾಪ್ಟನ್ ಕೆಟ್ಟವರೇನಲ್ಲ. ಹಿರಿತನವೇ ಎದುರಿನವರ ದನಿ ತಗ್ಗಿಸುತ್ತದೆ. ಅದನ್ನು ಮತ್ತೆ ಏರಿಸುವ ಹೊಣೆ ಹಿರಿಯರದ್ದೇ. ಇಂಥ ದುರಂತಗಳ ನಂತರ ವಿಮಾನ ಸಂಸ್ಥೆಗಳು ತರಬೇತಿಯನ್ನೇ ಬದಲಿಸಿದವು: ಕಿರಿಯರು ಬಾಯಿ ಬಿಟ್ಟು ಹೇಳಬೇಕು, ಕ್ಯಾಪ್ಟನ್ ತಾವಾಗಿ ಕೇಳಬೇಕು.

ಆಸ್ಪತ್ರೆಗಳಲ್ಲೂ ಇಂಥದ್ದೇ ಕಂಡಿದೆ. ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪುಗಳು ಲೆಕ್ಕಕ್ಕೆ ಸಿಕ್ಕವು! ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಎಡ್ಮಂಡ್‌ಸನ್ ಕೊಟ್ಟ ವಿವರಣೆ. ಹಾಗಾಗಿ ಯಾವ ತೊಂದರೆಯೂ ಇಲ್ಲ ಎಂಬ ವರದಿಯೇ ವಾರವಾರವೂ ಬರುತ್ತಿದ್ದರೆ ನನಗೆ ಸಮಾಧಾನಕ್ಕಿಂತ ಆತಂಕವೇ ಜಾಸ್ತಿ.

ಈ ಗುಣ ಹುಟ್ಟಿನಿಂದ ಬರಬೇಕಿಲ್ಲ, ರೂಢಿ ಮಾಡಿಕೊಳ್ಳಬಹುದು. ಮೀಟಿಂಗ್‌ನಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ನೀವು ಮೊದಲು ಹೇಳಿಬಿಟ್ಟರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. "ಎಲ್ಲಾ ಸರಿ ಇದೆ ತಾನೆ?" ಎಂದು ಕೇಳಬೇಡಿ, ಅದಕ್ಕೆ ಹೂಂ ಎನ್ನದೆ ಬೇರೆ ದಾರಿಯೇ ಇರುವುದಿಲ್ಲ. "ಇದರಲ್ಲಿ ಎಲ್ಲಿ ಎಡವಬಹುದು?" ಎಂದು ಕೇಳಿ ನೋಡಿ. ತಪ್ಪು ಹೊರಗೆ ಬಂದಾಗ "ಯಾರು ಮಾಡಿದ್ದು?" ಎಂಬ ಪ್ರಶ್ನೆ ಬಾಯಿಗೆ ಬಂದರೂ ತಡೆದುಕೊಳ್ಳಿ. ಮೊದಲು ಆಗಬೇಕಾದ ಕೆಲಸ ಆಗಲಿ. ಹೇಳಿದವರಿಗೆ ಮುಂದೆ ಏನಾಯಿತು ಎಂದು ಮರೆಯದೆ ತಿಳಿಸಿ. ಎಷ್ಟೋ ಒಳ್ಳೆಯ ಮೇಲಧಿಕಾರಿಗಳು ಇಲ್ಲೇ ಸೋಲುತ್ತಾರೆ. ಕೇಳಿಸಿಕೊಂಡು, ತಿದ್ದಿಯೂ ತಿದ್ದಿ, ಹೇಳಿದವರಿಗೆ ಮಾತ್ರ ತಿಳಿಸುವುದಿಲ್ಲ. ಅವರು ಇನ್ನೊಮ್ಮೆ ಯಾಕೆ ಬರುತ್ತಾರೆ?

ಹಾಗಂತ ಎಲ್ಲವನ್ನೂ ಮನ್ನಿಸಿ ಎಂದಲ್ಲ. ತಪ್ಪನ್ನು ಬೇಕೆಂದೇ ಮುಚ್ಚಿಟ್ಟವರ ಮೇಲೆ ಕ್ರಮ ಬೇಕೇ ಬೇಕು. ತಾವಾಗಿ ಬಂದು ಹೇಳಿದವರಿಗೂ ಅದೇ ಶಿಕ್ಷೆಯಾದರೆ ಮುಂದೆ ಯಾರೂ ಬಂದು ಹೇಳುವುದಿಲ್ಲ.

ಯಾರನ್ನಾದರೂ ತಂಡದ ಮುಖ್ಯಸ್ಥರನ್ನಾಗಿ ಮಾಡುವ ಮುಂಚೆ ಅವರ ಕೈಕೆಳಗಿನವರನ್ನು ಒಂದು ಮಾತು ಕೇಳಿ ಎನ್ನುತ್ತೇನೆ: "ಕಳೆದ ಸಲ ಇವರಿಗೆ ಕೆಟ್ಟ ಸುದ್ದಿ ಹೇಳಿದ್ದು ಯಾವಾಗ, ಆಮೇಲೆ ಏನಾಯಿತು?" ಅಂಥ ಒಂದು ಸಂದರ್ಭವೂ ಯಾರಿಗೂ ನೆನಪಾಗದಿದ್ದರೆ ಆ ಬಡ್ತಿಯನ್ನು ಸ್ವಲ್ಪ ದಿನ ತಡೆಹಿಡಿದು, ಇನ್ನಷ್ಟು ವಿಚಾರಿಸುವುದು ಒಳ್ಳೆಯದು.